ಗಲ್ಲಾ ಯಂತ್ರದ ಪ್ಯಾಟರ್ಸನ್: ಕೆಲಸಗಾರರ ತಲೆಯಲ್ಲಿ ಏನಿದೆ ಅಂತ ಕೇಳಿದ ಮಾಲೀಕ

ಅಂಗಡಿ ಇಟ್ಟವರಿಗೆ ಇದು ಗೊತ್ತಿರೋ ಸಂಕಟವೇ. ದಿನವಿಡೀ ವ್ಯಾಪಾರ ಜೋರು, ಸಂಜೆ ಗಲ್ಲಾ ಎಣಿಸಿದರೆ ಲೆಕ್ಕ ಕೂಡೋದಿಲ್ಲ. ಅಮೆರಿಕದ ಓಹಾಯೋ ರಾಜ್ಯದ ಜಾನ್ ಹೆನ್ರಿ ಪ್ಯಾಟರ್ಸನ್‌ಗೂ ಇದೇ ತಲೆನೋವು. 1844ರಲ್ಲಿ ಡೇಟನ್ ಊರಿನ ಹತ್ತಿರ ಹುಟ್ಟಿದ ಈತ ಕಾಲುವೆಯಲ್ಲಿ ಸುಂಕ ವಸೂಲಿ ಮಾಡಿದ, ಕಲ್ಲಿದ್ದಲು ಮಾರಿದ, ಗಣಿ ಕೆಲಸಗಾರರಿಗೆ ಸಾಮಾನು ಮಾರುವ ಅಂಗಡಿಯನ್ನೂ ನಡೆಸಿದ. ಅಂಗಡಿ ನಷ್ಟದಲ್ಲಿತ್ತು. ಡೇಟನ್‌ನ ಸಾರಾಯಿ ಅಂಗಡಿ ಮಾಲೀಕ ಜೇಮ್ಸ್ ರಿಟ್ಟಿ ರೂಪಿಸಿದ್ದ ಕ್ಯಾಶ್ ರಿಜಿಸ್ಟರ್ ತಂದಿಟ್ಟ ಮೇಲೆ ಸೋರಿಕೆ ನಿಂತಿತು.

1884ರಲ್ಲಿ ಆ ಯಂತ್ರ ಮಾಡುವ ಕಂಪನಿಯನ್ನೇ 6,500 ಡಾಲರ್‌ಗೆ ಕೊಂಡ. ಊರಿನವರು ನಕ್ಕರು. ಗಾಬರಿಯಾಗಿ 2,000 ಡಾಲರ್ ಕೊಡ್ತೀನಿ, ವ್ಯವಹಾರ ರದ್ದು ಮಾಡಿ ಅಂತ ಬೇಡಿಕೊಂಡನಂತೆ, ಮಾರಿದವ ಒಪ್ಪಲಿಲ್ಲ. ಹಾಗೆ ಹುಟ್ಟಿದ್ದೇ ನ್ಯಾಷನಲ್ ಕ್ಯಾಶ್ ರಿಜಿಸ್ಟರ್, ಚಿಕ್ಕದಾಗಿ ಎನ್‌ಸಿಆರ್.

ಹತ್ತು ವರ್ಷ ಕಳೆದ ಮೇಲೆ ದೊಡ್ಡ ಪೆಟ್ಟು ಬಿತ್ತು. ಸುಮಾರು 50,000 ಡಾಲರ್ ಬೆಲೆಯ ಯಂತ್ರಗಳು ಕೆಟ್ಟಿವೆ ಅಂತ ಇಂಗ್ಲೆಂಡಿನಿಂದ ವಾಪಸ್ ಬಂದವು. ಪ್ಯಾಟರ್ಸನ್ ಕೆಲಸಗಾರರನ್ನು ಬೈಯುತ್ತ ಕೂರಲಿಲ್ಲ. ತನ್ನ ಮೇಜನ್ನೇ ಕಾರ್ಖಾನೆಯೊಳಗೆ ಹಾಕಿಸಿಕೊಂಡ. ಕತ್ತಲು, ಕೊಳಕು, ಕೆಲಸದಲ್ಲಿ ಯಾರಿಗೂ ಆಸಕ್ತಿ ಇಲ್ಲ. ಕೆಲಸ ಸುಧಾರಿಸೋಕೆ ಐಡಿಯಾ ಯಾಕೆ ಕೊಡಲ್ಲ ಅಂತ ವಿಚಾರಿಸಿದಾಗ ಸಿಕ್ಕ ಉತ್ತರ ಸರಳ: ಕೊಟ್ಟರೂ ಪ್ರಯೋಜನವಿಲ್ಲ, ಹೆಸರು ಮೇಸ್ತ್ರಿಗೆ ಹೋಗುತ್ತೆ. ಕೆಲಸಗಾರನಿಗೆ ತಲೆ ಇತ್ತು, ಬಳಸಿದರೆ ಲಾಭವೇನು ಅನ್ನೋದಷ್ಟೇ ಪ್ರಶ್ನೆ.

1894ರಲ್ಲಿ ಸಲಹೆ ಪದ್ಧತಿ ಶುರುವಾಯಿತು. ಯಾರು ಬೇಕಾದರೂ ಬರೆದು ಕೊಡಬಹುದು, ಒಳ್ಳೆಯ ಸಲಹೆಗೆ ನಗದು ಬಹುಮಾನ. ಮೇಸ್ತ್ರಿಯನ್ನು ದಾಟಿ ಮಾತು ಮೇಲಕ್ಕೆ ಹೋಗುವ ದಾರಿ ಅದು. ಜೊತೆಗೆ ಗೋಡೆ ತುಂಬ ಕಿಟಕಿ, ಹೆಣ್ಣುಮಕ್ಕಳಿಗೆ ಬಿಸಿ ಊಟ, ಸ್ನಾನದ ಮನೆ, ವೈದ್ಯರು. ಜನರ ಮನೋಭಾವವನ್ನು ಐದು ಆಯ್ಕೆಗಳ ಪ್ರಶ್ನೆಪಟ್ಟಿಯಲ್ಲಿ ಅಳೆಯುವ ಲಿಕರ್ಟ್ ಮಾಪನ ಬಂದದ್ದು 1932ರಲ್ಲಿ. ಅದಕ್ಕೂ ಮೊದಲು ಈತನ ಬಳಿ ಇದ್ದ ಅಳತೆಗೋಲು ಚೀಟಿಗಳೇ. ಆದರೆ ಚೀಟಿ ಹಾಕಿದವನ ಮನಸ್ಸು ಅದರಲ್ಲಿ ಕಾಣುತ್ತೆ, ಹಾಕದೆ ಸುಮ್ಮನಿದ್ದವನದ್ದು ಎಲ್ಲಿ ಕಾಣುತ್ತೆ? 1901ರಲ್ಲಿ ಅದು ಗೊತ್ತಾಯಿತು. ಇಷ್ಟೆಲ್ಲ ಸೌಲಭ್ಯ ಕೊಟ್ಟ ಕಾರ್ಖಾನೆಯಲ್ಲೇ ಜಗಳ ಹತ್ತಿ ಬೀಗ ಬಿತ್ತು.

ಮನುಷ್ಯನೂ ವಿಚಿತ್ರ. ಕೆಳಗಿನವರ ಸಲಹೆಗೆ ಬಹುಮಾನ, ಪಕ್ಕದಲ್ಲಿ ಕೂತ ಅಧಿಕಾರಿಗಳಿಗೆ ಮಾತ್ರ ಯಾವಾಗ ಕೆಲಸ ಹೋಗುತ್ತೋ ಅನ್ನುವ ಭಯ. ಎದುರಾಳಿ ಕಂಪನಿಗಳನ್ನು ತುಳಿದ ಆರೋಪದಲ್ಲಿ 1913ರ ಫೆಬ್ರವರಿಯಲ್ಲಿ ಒಂದು ವರ್ಷ ಜೈಲು ಶಿಕ್ಷೆಯಾಯಿತು. ಮುಂದಿನ ತಿಂಗಳೇ ಡೇಟನ್‌ಗೆ ಭೀಕರ ಪ್ರವಾಹ. ಅದೇ ಕಾರ್ಖಾನೆಯಲ್ಲಿ ಸುಮಾರು 300 ದೋಣಿ ಮಾಡಿಸಿ ಜನರನ್ನು ಕಾಪಾಡಿದ, ನೆಲೆ ಕಳಕೊಂಡವರಿಗೆ ಅನ್ನ, ಆಸರೆ ಕೊಟ್ಟ. ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಯಿತು, ಜೈಲಿಗೆ ಹೋಗಲೇ ಇಲ್ಲ.

1922ರ ಮೇ 7ರಂದು ರೈಲಿನಲ್ಲಿ ಹೋಗುತ್ತಿದ್ದಾಗ ಪ್ಯಾಟರ್ಸನ್ ತೀರಿಕೊಂಡ. ಈತ ಹೊರಹಾಕಿದವರಲ್ಲಿ ಥಾಮಸ್ ವಾಟ್ಸನ್ ಒಬ್ಬ. ಮುಂದೆ ಐಬಿಎಂ ಕಟ್ಟಿದ್ದು ಅವನೇ. ಹಳೇ ಮಾಲೀಕನ ಸಲಹೆ ಪದ್ಧತಿಯನ್ನು ಅಲ್ಲೂ ಜಾರಿಗೆ ತಂದ.