ಗೋಡೆಯ ಕಲಾವಿದ ಸಿಕೇರೋಸ್

ಕೆಲವು ಚಿತ್ರಗಳನ್ನು ಚೌಕಟ್ಟಿನಲ್ಲಿರಿಸಿ ಎಲ್ಲಿ ಬೇಕಾದರೂ ತೂಗುಹಾಕಬಹುದು. ಇನ್ನು ಕೆಲವಕ್ಕೆ ತಾವು ಮೂಡಿದ ಗೋಡೆಯೇ ಪ್ರಾಣ. ಅಂತಹ ಭಿತ್ತಿಚಿತ್ರಗಳಿಗೆ ಬಾಳನ್ನು ಮುಡಿಪಿಟ್ಟವನು ಮೆಕ್ಸಿಕೋ ದೇಶದ ದಾವಿದ್ ಆಲ್ಫಾರೋ ಸಿಕೇರೋಸ್.

1896ರಲ್ಲಿ ಜನಿಸಿದ ಈತನು ತಾರುಣ್ಯದಲ್ಲಿಯೇ ಕಲಾಶಾಲೆಯನ್ನು ಬಿಟ್ಟು ಕ್ರಾಂತಿಸೇನೆಯನ್ನು ಸೇರಿದನು. ಶ್ರೀಮಂತರ ದಿವಾನಖಾನೆಯ ಚಿತ್ರಕ್ಕಿಂತ ಬೀದಿಯ ಜನರೆಲ್ಲರೂ ನೋಡಬಹುದಾದ ಗೋಡೆಯ ಚಿತ್ರವೇ ಮೇಲೆಂದು ರಿವೇರಾ, ಒರೋಸ್ಕೋ ಮೊದಲಾದ ಸಮಕಾಲೀನರಂತೆ ಅವನೂ ನಂಬಿದನು.

1932ರಲ್ಲಿ ಅವನು ಅಮೆರಿಕದ ಲಾಸ್ ಏಂಜಲೀಸ್ ನಗರಕ್ಕೆ ಬಂದನು. ಅಲ್ಲಿಯ ಓಲ್ವೆರಾ ಬೀದಿಯು ಹಳೆಯ ಮೆಕ್ಸಿಕೋವಿನ ಸೊಗಸನ್ನು ಪ್ರವಾಸಿಗರಿಗೆ ತೋರುವ ಪೇಟೆಯಾಗಿತ್ತು. ಆದರೆ ಅದೇ ಕಾಲದಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಮೆಕ್ಸಿಕನ್ ಮೂಲದ ಸಾವಿರಾರು ಜನರನ್ನು ಆ ನಗರದಿಂದ ಗಡಿಯಾಚೆಗೆ ಸಾಗಿಸಲಾಗುತ್ತಿತ್ತು. ಆ ಬೀದಿಯ ಕಟ್ಟಡವೊಂದರ ಮೇಲಂತಸ್ತಿನ ಹೊರಗೋಡೆಯ ಮೇಲೆ ಉಷ್ಣವಲಯದ ಅಮೆರಿಕವನ್ನು ಚಿತ್ರಿಸುವ ಕೆಲಸ ಸಿಕೇರೋಸನಿಗೆ ದೊರೆಯಿತು. ಕೆಲಸ ಕೊಟ್ಟವರು ನಂದನವನವೊಂದನ್ನು ನಿರೀಕ್ಷಿಸಿದ್ದರು.

ಹಲವು ಕಲಾವಿದರ ನೆರವಿನಿಂದ, ಸಿಮೆಂಟಿನ ಮೇಲೆ ಯಂತ್ರದಿಂದ ಬಣ್ಣ ಸಿಂಪಡಿಸಿ, ಸುಮಾರು 80 ಅಡಿ ಉದ್ದದ ಚಿತ್ರವನ್ನು ಅವನು ಬರೆದನು. ನಡುಭಾಗವನ್ನು ಮಾತ್ರ ಕಡೆಯವರೆಗೆ ಬರಿದಾಗಿ ಬಿಟ್ಟು, ಅನಾವರಣದ ಹಿಂದಿನ ರಾತ್ರಿ ತಾನೊಬ್ಬನೇ ತುಂಬಿದನು. ಅಕ್ಟೋಬರ್ 9ರಂದು ಜನರು ಕಂಡುದು ಶಿಲುಬೆಗೇರಿಸಿದ ಮೂಲನಿವಾಸಿಯನ್ನು, ಅವನ ತಲೆಯ ಮೇಲೆ ಹದ್ದನ್ನು, ಒಂದು ಬದಿಗೆ ಬಂದೂಕು ಹಿಡಿದ ರೈತರನ್ನು!

ವರ್ಷದೊಳಗೆ ಬೀದಿಗೆ ಕಾಣುವ ಭಾಗಕ್ಕೂ, ಮುಂದೆ ಚಿತ್ರಕ್ಕೆಲ್ಲ, ಬಿಳಿಯ ಬಣ್ಣವನ್ನು ಬಳಿದರು. ವೀಸಾ ಮುಂದುವರಿಯದೆ ಸಿಕೇರೋಸನೂ ಆ ದೇಶವನ್ನು ಬಿಡಬೇಕಾಯಿತು.

ಅವನ ಬಾಳು ಕಳಂಕರಹಿತವಾದುದಲ್ಲ. 1940ರಲ್ಲಿ ಟ್ರಾಟ್‌ಸ್ಕಿಯ ಮನೆಯ ಮೇಲೆ ನಡೆದ ಸಶಸ್ತ್ರ ದಾಳಿಗೆ ಅವನೇ ಮುಂದಾಳಾಗಿದ್ದನು. ರಾಜಕೀಯದ ಕಾರಣದಿಂದ 1960ರಿಂದ 1964ರವರೆಗೆ ಸ್ವದೇಶದಲ್ಲಿಯೇ ಸೆರೆವಾಸವನ್ನು ಅನುಭವಿಸಿದನು. 1974ರಲ್ಲಿ ತೀರಿಕೊಂಡನು.

ಆದರೆ ಚಿತ್ರವು ಸಾಯಲಿಲ್ಲ. 1960ರ ದಶಕದ ಕೊನೆಗೆ ಬಿಸಿಲುಮಳೆಗೆ ಬಿಳಿಯ ಹೊದಿಕೆ ಸವೆದು, ಮರೆಯಾಗಿದ್ದ ರೂಪಗಳು ಇಣುಕತೊಡಗಿದವು. ತಮ್ಮ ಬಡಾವಣೆಗಳ ಗೋಡೆಗಳಲ್ಲಿ ತಮ್ಮ ಜನರ ಕಥೆಯನ್ನು ಬರೆಯಲು ಹೊರಟಿದ್ದ ಮೆಕ್ಸಿಕನ್ ಮೂಲದ ತರುಣ ಕಲಾವಿದರಿಗೆ ಅದು ಸ್ಫೂರ್ತಿಯಾಯಿತು. ಗೆಟ್ಟಿ ಸಂಸ್ಥೆಯೂ ನಗರಾಡಳಿತವೂ ಸೇರಿ ಚಿತ್ರವನ್ನು ಸಂರಕ್ಷಿಸಿ, 2012ರ ಅಕ್ಟೋಬರ್ 9ರಂದು, ಸರಿಯಾಗಿ 80 ವರ್ಷಗಳ ತರುವಾಯ, ಮತ್ತೆ ಸಾರ್ವಜನಿಕರಿಗೆ ತೆರೆದವು. ಅದನ್ನು ವಸ್ತುಸಂಗ್ರಹಾಲಯಕ್ಕೆ ಒಯ್ಯಲಿಲ್ಲ. ಹೊಸ ಬಣ್ಣವನ್ನು ತುಂಬಲೂ ಇಲ್ಲ. ಮಾಸಿದ ಆ ಗೋಡೆಯಲ್ಲಿ ಕಲಾವಿದನ ಮಾತೂ ಉಳಿದಿದೆ, ಅದನ್ನು ಮುಚ್ಚಿದವರ ಅಂಜಿಕೆಯೂ ಉಳಿದಿದೆ.