ಹಳದಿ-ಕೆಂಪು ಬಾವುಟ ಕೊಟ್ಟಿದ್ದು ಒಬ್ಬ ಪತ್ತೇದಾರಿ ಕಾದಂಬರಿಕಾರ!

ನವೆಂಬರ್ ಬಂತು ಅಂದ್ರೆ ಚಿಕ್ಕಬಳ್ಳಾಪುರದ ಆಟೋ ಸ್ಟ್ಯಾಂಡ್, ನಂದಿ ಕ್ರಾಸ್‌ನ ಟೀ ಅಂಗಡಿ, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ, ಎಲ್ಲಿ ನೋಡಿದರೂ ಹಳದಿ-ಕೆಂಪು ಬಾವುಟ. ಅದು ಅರಿಶಿನ-ಕುಂಕುಮದ ಬಣ್ಣ ಅಂತ ಮಕ್ಕಳಿಗೂ ಗೊತ್ತು. ರೂಪಿಸಿದವರು ಮ. ರಾಮಮೂರ್ತಿ ಅಂತ ಕೆಲವರಿಗಷ್ಟೇ ಗೊತ್ತು. ಆ ರಾಮಮೂರ್ತಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು ಅನ್ನೋದು ಇನ್ನೂ ಕಡಿಮೆ ಜನಕ್ಕೆ ಗೊತ್ತು.

ರಾಮಮೂರ್ತಿ ಹುಟ್ಟಿದ್ದು 1918ರ ಮಾರ್ಚ್ 11ರಂದು, ನಂಜನಗೂಡಿನಲ್ಲಿ. ತಂದೆ ಸೀತಾರಾಮಶಾಸ್ತ್ರಿಗಳು ಲೇಖಕರು, ಪತ್ರಕರ್ತರು. 'ವೀರಕೇಸರಿ' ಎಂದೇ ಹೆಸರಾದವರು. ಹೀಗಾಗಿ ಪತ್ರಿಕೆ, ಪುಸ್ತಕ ಎರಡೂ ಮಗನಿಗೆ ಮನೆಯಲ್ಲೇ ಪರಿಚಯ.

ಮುಂದೆ ಬೆಂಗಳೂರಿನಲ್ಲಿ ಬರವಣಿಗೆಗೆ ಇಳಿದ ರಾಮಮೂರ್ತಿ ನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿ ಬರೆದರು. ಟಿ.ವಿ. ಇಲ್ಲದ ಕಾಲ ಅದು. ಕೊಲೆ ಮಾಡಿದ್ದು ಯಾರು, ಒಡವೆ ಕದ್ದಿದ್ದು ಯಾರು ಅಂತ ತಿಳಿಯೋವರೆಗೆ ಓದುಗರು ಪುಸ್ತಕ ಕೆಳಗಿಡುತ್ತಿರಲಿಲ್ಲ. 'ಪತ್ತೇದಾರ ಪುರುಷೋತ್ತಮ'ನ ಸೃಷ್ಟಿಕರ್ತ ಎನ್. ನರಸಿಂಹಯ್ಯ ಬರೆಯುತ್ತಿದ್ದದ್ದೂ ಅದೇ ಕಾಲದಲ್ಲಿ. ನಾಲ್ಕು ಕ್ಲಾಸು ಓದಿ ಬಿಟ್ಟವರಿಗೂ ಕನ್ನಡ ಪುಸ್ತಕ ಹಿಡಿಸಿದ್ದು ಇಂಥ ಕಾದಂಬರಿಗಳೇ. ಆದರೂ ಪಂಡಿತರು, ವಿಮರ್ಶಕರು ಇವನ್ನು ಸಾಹಿತ್ಯದ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ರಾಮಮೂರ್ತಿ ಅದಕ್ಕೆ ತಲೆ ಕೆಡಿಸಿಕೊಂಡು ಕೂರಲಿಲ್ಲ. ಬೇರೆ ಸಾಹಿತಿಗಳ ಜೊತೆ ಅವರನ್ನು ಸೇರಿಸಿದ್ದು ಕನ್ನಡದ ಕೆಲಸ. ಅವರಲ್ಲಿ ಮುಖ್ಯರಾದವರು ಅ.ನ.ಕೃಷ್ಣರಾಯರು, ಅಂದರೆ ಅನಕೃ. ಅನಕೃ ಹುಟ್ಟಿದ್ದು 1908ರಲ್ಲಿ, ಕೋಲಾರದಲ್ಲಿ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆ ಆಗೋವರೆಗೆ ಈ ತಾಲ್ಲೂಕುಗಳೂ ಕೋಲಾರ ಜಿಲ್ಲೆಯಲ್ಲೇ ಇದ್ದವು. ಆ ಲೆಕ್ಕದಲ್ಲಿ ಅನಕೃ ಈ ಸೀಮೆಯವರೇ.

ಅನಕೃ 'ಕಾದಂಬರಿ ಸಾರ್ವಭೌಮ' ಅನ್ನಿಸಿಕೊಂಡವರು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಇತ್ತ ರಾಮಮೂರ್ತಿ ಪತ್ತೇದಾರಿ ಕಥೆಗಾರ. ಇಬ್ಬರೂ ಒಂದೇ ಚಳವಳಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟರು. ಕಾರಣ ಇಷ್ಟೇ: 1956ರಲ್ಲಿ ಕನ್ನಡ ನಾಡು ಒಂದಾಗಿತ್ತು, ಆದರೆ ರಾಜಧಾನಿಯಲ್ಲೇ ಕನ್ನಡಕ್ಕೆ ಜಾಗ ಇರಲಿಲ್ಲ. ಥಿಯೇಟರುಗಳಲ್ಲಿ ಪರಭಾಷೆ ಸಿನಿಮಾಗಳ ಭರಾಟೆ. ರಾಮೋತ್ಸವದ ಕಛೇರಿಗಳಲ್ಲಿ ಕನ್ನಡದ ಗಾಯಕರು ಮೂಲೆಗುಂಪು. ಇದನ್ನು ಪ್ರಶ್ನಿಸಿ 1960ರ ದಶಕದಲ್ಲಿ ಸಾಹಿತಿಗಳೇ ಬೀದಿಗೆ ಬಂದರು. ಡಬ್ಬಿಂಗ್ ವಿರುದ್ಧವೂ ದನಿ ಎತ್ತಿದರು.

ರಾಮಮೂರ್ತಿ 'ಕನ್ನಡ ಪಕ್ಷ' ಕಟ್ಟಿದರು, 'ಕನ್ನಡ ಯುವಜನ' ಪತ್ರಿಕೆ ನಡೆಸಿದರು. ಚಳವಳಿಗೆ ಜನ ಸೇರುತ್ತಿದ್ದರು, ಎಲ್ಲರೂ ಕೈಯಲ್ಲಿ ಹಿಡಿಯುವಂಥ ಒಂದು ಗುರುತು ಮಾತ್ರ ಇರಲಿಲ್ಲ. ಆ ಕೊರತೆ ತುಂಬಿದ್ದೇ ಅವರು ರೂಪಿಸಿದ ಹಳದಿ-ಕೆಂಪು ಬಾವುಟ.

ಆ ಬಾವುಟ ಊರೂರಿಗೆ ಹೋಗಿದ್ದನ್ನು ನೋಡುವ ಯೋಗ ಅವರಿಗಿರಲಿಲ್ಲ. 1967ರ ಡಿಸೆಂಬರ್ 25ರಂದು ತೋಟದಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ರಾಮಮೂರ್ತಿ ತೀರಿಕೊಂಡರು. ಜೊತೆಗೆ ಇಬ್ಬರು ಗಂಡುಮಕ್ಕಳೂ ಹೋದರು. ಅವರಿಗಾಗ ಬರೀ 49 ವರ್ಷ. ಒಂದೇ ದಿನ ಗಂಡ, ಇಬ್ಬರು ಮಕ್ಕಳನ್ನು ಕಳೆದುಕೊಂಡ ಆ ತಾಯಿಯ ಸಂಕಟ, ಬಾವಿ ನಂಬಿ ಬದುಕಿದ ಈ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಅನಕೃ 1971ರಲ್ಲಿ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ಅಷ್ಟು ಹೋರಾಡಿದ ಇಬ್ಬರೂ ಆ ದಿನ ಇರಲಿಲ್ಲ.

2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ ಇರುವ ಹೊಸ ಬಾವುಟಕ್ಕೆ ಒಪ್ಪಿಗೆ ಕೊಟ್ಟು ಕೇಂದ್ರಕ್ಕೆ ಕಳಿಸಿತು. ಜನ ಮಾತ್ರ ಹಳೇ ಎರಡು ಬಣ್ಣದ ಬಾವುಟವನ್ನೇ ಕಟ್ಟುತ್ತಿದ್ದಾರೆ. ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನೂ ಬಂದಿದೆ. ರಾಮಮೂರ್ತಿ ಕಾಲದಲ್ಲಿ ಕಾನೂನಿನ ಆಸರೆ ಇರಲಿಲ್ಲ, ಇದ್ದದ್ದು ಓದುಗರು ಮತ್ತು ಜೊತೆಗಾರ ಸಾಹಿತಿಗಳು.

ಗೌರಿಬಿದನೂರು, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು, ಓದೋದು ಕನ್ನಡ. ಅಂಥ ಕಡೆ ಕನ್ನಡ ಉಳಿಯೋದು ಬಾವುಟ ಕಟ್ಟಿದರೆ ಮಾತ್ರ ಅಲ್ಲ, ಕೈಯಲ್ಲೊಂದು ಪುಸ್ತಕ ಇದ್ದರೆ. ರಾಮಮೂರ್ತಿ ಎರಡನ್ನೂ ಕೊಟ್ಟು ಹೋದರು.