ಬಾನದಾರಿಯ ನಕ್ಷೆಕಾರ

ಮಳೆಗಾಲದ ಬೆಳಗಿನಲ್ಲಿ ಯಳಂದೂರಿನಿಂದ ನೋಡಿದರೆ ಬಿಳಿಗಿರಿರಂಗನ ಬೆಟ್ಟವು ಎಷ್ಟೋ ಸಲ ಮೋಡದಲ್ಲಿ ಮರೆಯಾಗಿರುತ್ತದೆ. ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವವರಿಗೂ ಮಂಜು ಕವಿದಾಗ ತಿರುವಿನಾಚೆಯ ದಾರಿ ಕಾಣದು. ಆಗ ಬಸ್ಸಿನ ಚಾಲಕನು ವಾಹನವನ್ನು ನಿಲ್ಲಿಸಬಹುದು. ವಿಮಾನದ ಚಾಲಕನಿಗೆ ಆಕಾಶದಲ್ಲಿ ನಿಲ್ಲುವ ಅವಕಾಶವಿಲ್ಲ. ಇಂತಹ ಚಾಲಕರಿಗೆ ನಂಬಿಕೆಯ ನಕ್ಷೆಗಳನ್ನು ಒದಗಿಸಿದ ಮಹನೀಯನೇ ಎಲ್ರೇ ಜೆಪ್ಪೆಸನ್.

ಜೆಪ್ಪೆಸನ್ 1907ರ ಜನವರಿ 28ರಂದು ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಜನಿಸಿದನು. ಆತನ ತಂದೆತಾಯಿಗಳು ಡೆನ್ಮಾರ್ಕಿನಿಂದ ವಲಸೆ ಬಂದವರು. ಒರೆಗನ್ ರಾಜ್ಯದಲ್ಲಿ ಬೆಳೆದ ಆತನು ತಾರುಣ್ಯದಲ್ಲಿಯೇ ವಿಮಾನ ನಡೆಸುವುದನ್ನು ಕಲಿತನು. 1930ರ ಸುಮಾರಿಗೆ ಅಂಚೆ ವಿಮಾನದ ಚಾಲಕನಾದನು. ಪರ್ವತಗಳ ಮೇಲಿನ ಆ ಮಾರ್ಗವು ಬಹು ಅಪಾಯಕಾರಿಯಾಗಿತ್ತು. ಚಾಲಕರು ರಸ್ತೆಯ ನಕ್ಷೆಗಳನ್ನೂ ರೈಲುಹಳಿಗಳನ್ನೂ ನೆಚ್ಚಿ ಹಾರುತ್ತಿದ್ದರು. ಮೋಡ ಮುಸುಕಿದಾಗ ಅವು ಉಪಯೋಗಕ್ಕೆ ಬರುತ್ತಿರಲಿಲ್ಲ. ಆತನ ಸಹೋದ್ಯೋಗಿಗಳಲ್ಲಿ ಹಲವರು ಅಪಘಾತಗಳಲ್ಲಿ ಮಡಿದರು.

ಜೆಪ್ಪೆಸನ್ ಹತ್ತು ಸೆಂಟು ಕೊಟ್ಟು ಒಂದು ಕಪ್ಪು ಟಿಪ್ಪಣಿ ಪುಸ್ತಕವನ್ನು ಕೊಂಡನು. ವಿಮಾನ ಇಳಿಯುವ ಬಯಲುಗಳ ಉದ್ದ, ಇಳಿಜಾರು, ದೀಪಗಳು, ಸುತ್ತಲಿನ ಅಡ್ಡಿಗಳು ಇವೆಲ್ಲವನ್ನೂ ಅದರಲ್ಲಿ ಬರೆದಿಟ್ಟನು. ಬಿಡುವಿನ ವೇಳೆಯಲ್ಲಿ ಎತ್ತರಮಾಪಕವನ್ನು ಹಿಡಿದು ಬೆಟ್ಟಗಳನ್ನೇರಿ ಅವುಗಳ ಎತ್ತರವನ್ನು ಗುರುತಿಸಿದನು. ಹವೆಯನ್ನು ತಿಳಿಸಬಲ್ಲ ರೈತರ ದೂರವಾಣಿ ಸಂಖ್ಯೆಗಳನ್ನೂ ಸಂಗ್ರಹಿಸಿದನು. ಇತರ ಚಾಲಕರು ಅದರ ಪ್ರತಿಗಳನ್ನು ಕೇಳತೊಡಗಿದರು. 1934ರಲ್ಲಿ ಆತನು ಅದನ್ನು ಅಚ್ಚು ಹಾಕಿಸಿ ಹತ್ತು ಡಾಲರಿಗೆ ಮಾರತೊಡಗಿದನು.

ಆದರೆ ನಕ್ಷೆ ಅಚ್ಚಾದರೂ ನೆಲವು ಬದಲಾಗದೆ ಇರುವುದಿಲ್ಲ. ಆದುದರಿಂದ ತಿದ್ದಿದ ಹಾಳೆಗಳನ್ನು ಕಳುಹಿಸಿಕೊಡುವ ಪದ್ಧತಿಯೂ ಬೆಳೆಯಿತು. ಇಂದು ಅಂತಹ ನಕ್ಷೆಗಳನ್ನು 28 ದಿನಗಳ ಆವರ್ತಕ್ಕನುಗುಣವಾಗಿ ಪರಿಷ್ಕರಿಸುತ್ತಾರೆ. ಅಷ್ಟರೊಳಗೆ ಆಗುವ ಬದಲಾವಣೆಗಳನ್ನು ತಿಳಿಸುವ ಪ್ರಕಟಣೆಗಳಿಗೆ ‘ನೋಟಾಮ್’ ಎಂದು ಹೆಸರು. ಭಾರತದಲ್ಲಿ ಇವುಗಳನ್ನು ವಿಮಾನ ನಿಲ್ದಾಣ ಪ್ರಾಧಿಕಾರವು ಹೊರಡಿಸುತ್ತದೆ.

ಮೋಡದೊಳಗಿಂದ ಇಳಿಯುವ ಚಾಲಕನಿಗೆ ಉಪಕರಣಗಳೇ ಕಣ್ಣು. ನಕ್ಷೆಯಲ್ಲಿ ನಿಗದಿಯಾದ ಕನಿಷ್ಠ ಎತ್ತರಕ್ಕೆ ಬಂದಾಗಲೂ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಆತನು ಮತ್ತೆ ಮೇಲೇರಬೇಕು. ಸಮೀಪದಲ್ಲಿ ಹೊಸದೊಂದು ಕ್ರೇನ್ ನಿಂತಿದ್ದರೆ ಆ ಕನಿಷ್ಠ ಎತ್ತರವನ್ನೇ ಹೆಚ್ಚಿಸಬೇಕಾಗಬಹುದು. ದಾರಿ ತೋರುವ ರೇಡಿಯೋ ಸಂಕೇತವು ದುರಸ್ತಿಯಲ್ಲಿದ್ದರೆ ಆ ಕ್ರಮದಿಂದ ಇಳಿಯುವಂತೆಯೇ ಇಲ್ಲ. ಈ ಸಂಗತಿಗಳು ನಕ್ಷೆಯಲ್ಲಿರುವುದಿಲ್ಲ, ಪ್ರಕಟಣೆಯಲ್ಲಿರುತ್ತವೆ. ಅದನ್ನು ಓದದೆ ಹೊರಟ ಚಾಲಕನು ನಿನ್ನೆಯ ನೆಲವನ್ನು ನಂಬಿ ಇಂದು ಇಳಿದಂತಾಗುತ್ತದೆ.

ಜೆಪ್ಪೆಸನ್ 1996ರಲ್ಲಿ ನಿಧನನಾದನು. ಡೆನ್ವರ್ ವಿಮಾನ ನಿಲ್ದಾಣದ ಮುಖ್ಯ ಕಟ್ಟಡಕ್ಕೆ ಆತನ ಹೆಸರನ್ನಿಡಲಾಗಿದೆ. ಕಂಡದ್ದನ್ನು ಬರೆದಿಡುವುದು, ಬರೆದುದನ್ನು ಕಾಲಕಾಲಕ್ಕೆ ತಿದ್ದುವುದು, ಹೊರಡುವ ಮುನ್ನ ಮತ್ತೊಮ್ಮೆ ಪರೀಕ್ಷಿಸುವುದು ಇವು ಸಣ್ಣ ಕೆಲಸಗಳೆಂದು ತೋರಬಹುದು. ಆದರೆ ವಿಮಾನದಲ್ಲಿ ಕುಳಿತ ನೂರಾರು ಜನರ ಪ್ರಾಣಗಳು ಆ ಸಣ್ಣ ಕೆಲಸಗಳನ್ನೇ ಅವಲಂಬಿಸಿವೆ.